ಮೋರ್ವಿದ್ ಅಜ್ಜಿಯ ಸಾಕ್ಷಿ

ವೇಲ್ಸ್‌ನ ನಮ್ಮ ಅಬರ್‌ಗೆಲ್ಲಿಯಲ್ಲಿ ಯಾರಾದರೂ ಅಕಾಲ ಮರಣಕ್ಕೀಡಾದರೆ ಕರೋನರ್ ಪ್ರಾಸರ್ ಸಾಹೇಬರು ವಿಚಾರಣೆ ನಡೆಸುತ್ತಾರೆ. ಸಾಕ್ಷಿ ಕಲೆಹಾಕುವುದು ನನ್ನ ಕೆಲಸ. ಹತ್ತೊಂಬತ್ತರ ಯೆಸ್ಟಿನ್ ರೈಲು ಹಳಿಯ ಮೇಲೆ ಜೀವ ಕಳೆದುಕೊಂಡಾಗ, ಅವನನ್ನು ಸಾಕಿದ ಮೋರ್ವಿದ್ ಅಜ್ಜಿಗೆ ಕಡತ ತೋರಿಸಿದೆ.

ಅಜ್ಜಿ ಹಾಳೆಗಳನ್ನೆಲ್ಲ ಮಗುಚಿದರು. "ಡಾಕ್ಟ್ರು ಇದ್ದಾರೆ, ಪೊಲೀಸ್ರು ಇದ್ದಾರೆ. ನನ್ನ ಹುಡುಗ ಎಲ್ಲಿದಾನೆ ಇದರಲ್ಲಿ, ಡೆಲಿತ್?"

"ಅದನ್ನ ನೀವೇ ವಿಚಾರಣೆಗೆ ಬಂದು ಹೇಳಿ ಅಜ್ಜಿ."

ಬಂದರು. "ಸಾಹೇಬ್ರೇ, ಅವನು ಊರ ಬ್ಯಾಂಡ್‌ನಲ್ಲಿ ಟ್ಯೂಬಾ ಅನ್ನೋ ದೊಡ್ಡ ಕಹಳೆ ಊದ್ತಿದ್ದ. ಕೆಟ್ಟದಾಗಿ. ಒಂದಿನ ಆ ಸದ್ದು ಕೇಳಿ, ಯಾರೋ ಜಗಳಕ್ಕೆ ಕರೀತಿದಾರೆ ಅಂತ ಪಕ್ಕದ್ಮನೆ ಟಗರು ಬೇಲಿ ಮುರ್ಕೊಂಡು ಬಂತು. ಇವ್ನು ಟ್ಯೂಬಾ ಸಮೇತ ಕೋಳಿಗೂಡು ಹತ್ತಿದ!"

ಕೋರ್ಟು ಗೊಳ್ಳೆಂದಿತು. ಸಾಹೇಬರು ಕಾಗದದಿಂದ ಬಾಯಿ ಮುಚ್ಚಿಕೊಂಡು, "ಬರ್ಕೊಳ್ಳಿ" ಎಂದರು.

"ಟಗರನ್ನೂ?" ಎಂದ ಗುಮಾಸ್ತ.

"ಟಗರನ್ನೂ."

ಅಜ್ಜಿಯ ದನಿ ತಗ್ಗಿತು. "ಎರಡು ವರ್ಷದಿಂದ ಮಂಕು ಕವಿದಿತ್ತು. ಔಷಧಿ ತಗೊಂಡು ಹುಷಾರಾದ, ಮತ್ತೆ ಕುಗ್ಗಿದ. ನಾನು ನೊಂದ್ಕೋತೀನಿ ಅಂತ ಕೊನೆಕೊನೆಗೆ ಮುಚ್ಚಿಟ್ಟ."

ಆಮೇಲೆ ಸ್ಟೇಷನ್ನಿನ ನೌಕರ ಗೆಥಿನ್ ಎದ್ದ. "ಅವತ್ತು ಯೆಸ್ಟಿನ್ ಪ್ಲಾಟ್‌ಫಾರಂನಲ್ಲಿ ಒಬ್ನೇ ಕೂತಿದ್ದ. ಮಾತಾಡ್ಸೋಣ ಅನ್ನಿಸ್ತು. ಏನಂದ್ಕೋತಾನೋ ಅಂತ ಸುಮ್ನಾದೆ."

"ಅಯ್ಯೋ, ನಿನ್ನ ಮೇಲೆ ಸಿಟ್ಟಿಲ್ಲ ಕಣೋ" ಎಂದರು ಅಜ್ಜಿ ಕೂತಲ್ಲಿಂದಲೇ. "ಅವತ್ತು ಬೆಳಿಗ್ಗೆ ನಾನೂ ಬರೀ ಕಾಲುಚೀಲದ ವಿಷಯ ಮಾತಾಡಿ ಕಳಿಸ್ದೆ."

ತಪ್ಪು ಯಾರದೂ ಅಲ್ಲ ಎಂದು ತೀರ್ಮಾನಿಸಿದ ಸಾಹೇಬರು ರೈಲ್ವೆ ಕಂಪನಿಗೆ ಪತ್ರ ಬರೆದರು: ನೊಂದವರಂತೆ ಕಂಡವರನ್ನು ಮಾತಾಡಿಸಲು ನೌಕರರಿಗೆ ಕಲಿಸಿ. ಕಂಪನಿ ಒಪ್ಪಿತು. ಮೊದಲ ತರಗತಿಗೆ ಅಜ್ಜಿ ಯಾರೂ ಕರೆಯದೆಯೇ ಹೋಗಿ ಮುಂದಿನ ಸಾಲಿನಲ್ಲಿ ಕೂತರು.

ಈಗ ವಾರಕ್ಕೆರಡು ದಿನ ಗೆಥಿನ್ ಜೊತೆ ಪ್ಲಾಟ್‌ಫಾರಂ ಸುತ್ತುತ್ತಾರೆ. ಮುಖ ಸಪ್ಪೆ ಮಾಡಿಕೊಂಡವರಿಗೆಲ್ಲ "ಏನಪ್ಪಾ, ಹುಷಾರಾ?" ಒಮ್ಮೆ ಪಾದ್ರಿಗಳು, "ಹಲ್ಲುನೋವು ಕಣಮ್ಮಾ, ಬಿಡಿ!" ಎಂದು ಗದರಿದರು. ಅಜ್ಜಿ ಬಿಡಲಿಲ್ಲ, ಹಲ್ಲಿನ ಡಾಕ್ಟರ ಬಾಗಿಲವರೆಗೂ ಹೋದರು.

ಕಳೆದ ತಿಂಗಳು ಒಬ್ಬ ಹುಡುಗಿ ಆ ಪ್ರಶ್ನೆಗೆ ಬಿಕ್ಕಿಬಿಕ್ಕಿ ಅತ್ತಳು. ಮೂರು ರೈಲು ಹೋದವು. ಅಜ್ಜಿ ಕೈ ಹಿಡಿದು ಕೂತಿದ್ದರು. ಗೆಥಿನ್ ಸಹಾಯವಾಣಿಗೂ ಅವಳಪ್ಪನಿಗೂ ಫೋನು ಮಾಡಿದ. ಈಗ ಅವಳಿಗೆ ಚಿಕಿತ್ಸೆ ನಡೆಯುತ್ತಿದೆ.

ನಿನ್ನೆ ಅವಳೇ, ಹೊರಟ ರೈಲಿನ ಕಿಟಕಿಯಿಂದ ಕೂಗಿದಳು: "ಅಜ್ಜೀ, ಪರೀಕ್ಷೆಗೆ ಹೊರಟಿದೀನಿ!"

"ಫೇಲಾದ್ರೂ ಇಲ್ಲೇ ಇಳೀ ಕಣೇ!" ಅಜ್ಜಿ ರೈಲಿನ ಜೊತೆಗೇ ಓಡಲು ನೋಡಿದರು. ಗೆಥಿನ್ ಕೋಟು ಹಿಡಿದು ನಿಲ್ಲಿಸಿಕೊಂಡ.