ಇವತ್ತಾ, ನಾಳೆನಾ

ಹಾಸಿಗೆ ಅಂಗಡಿಯಲ್ಲಿ ಎಲ್ಲರೂ ಅವನನ್ನು ಹಾಸಿಗೆಯಣ್ಣ ಎಂದೇ ಕರೆಯುತ್ತಿದ್ದರು. ಸುಮ್ಮನೆ ಬಂದ ಹೆಸರಲ್ಲ ಅದು. ಮಳೆ ಬಂತೆಂದು ಒಳಗೆ ನಿಂತವರಿಗೂ ಡಬಲ್ ಹಾಸಿಗೆ ಹೊರಿಸಿ ಕಳಿಸುವ ಆಸಾಮಿ. ಗುಟ್ಟು ಒಂದೇ, ಕೆಲಸಕ್ಕೆ ಸೇರಿದ ದಿನ ಮಾಲೀಕರು ಕಿವಿ ಹಿಂಡಿ ಕಲಿಸಿದ್ದು: "ಬೇಕಾ ಅಂತ ಕೇಳ್ಬೇಡ ಮಾರಾಯ. ಬೇಕಾ ಅಂದ್ರೆ ಬೇಡ ಅಂತಾರೆ. ಮೆತ್ತಗಿರೋದಾ, ಗಟ್ಟಿ ಇರೋದಾ ಅಂತ ಕೇಳು. ಇವತ್ತು ಕಳಿಸ್ಲಾ, ನಾಳೆ ಕಳಿಸ್ಲಾ ಅಂತ ಕೇಳು." ಬೇಡ ಅನ್ನುವುದಕ್ಕೆ ಸಂದಿಯನ್ನೇ ಬಿಡಬಾರದು, ಅಷ್ಟೇ.

ಅಂಗಡಿಯಲ್ಲಿ ಇದು ಚೆನ್ನಾಗಿಯೇ ನಡೆಯಿತು. ಮನೆಗೆ ಹೋಗುವಾಗಲಾದರೂ ಆ ನಾಲಿಗೆಯನ್ನು ಚಪ್ಪಲಿಯ ಹಾಗೆ ಹೊರಗೆ ಬಿಡಬೇಕಿತ್ತು ತಾನೇ? ಬಿಡಲಿಲ್ಲ ಪುಣ್ಯಾತ್ಮ. ಹೆಂಡತಿ ತಲೆನೋವು ಎಂದರೆ, "ಮಾತ್ರೆ ತಗೋತೀಯಾ, ಮಲಗ್ತೀಯಾ?" ಅಳುತ್ತ ಕೂತರೆ, "ಈಗ್ಲೇ ಮಾತಾಡೋಣವಾ, ಊಟ ಆದ್ಮೇಲಾ?" ಅವಳಿಗೆ ಎರಡೂ ಬೇಡವಾಗಿರಬಹುದು ಎನ್ನುವುದು ಅವನಿಗೆ ಹೊಳೆಯಲೇ ಇಲ್ಲ. ಒಂದು ದಿನ ಅವಳು ಬಟ್ಟೆ ತುಂಬಿಕೊಂಡು ಅಣ್ಣನ ಮನೆಗೆ ಹೊರಟಳು. ಬಾಗಿಲಿಗೆ ಅಡ್ಡ ನಿಂತು ಈ ಮಹಾಶಯ ಕೇಳಿದ್ದೇನು ಗೊತ್ತೇ? "ಒಂದು ವಾರ ಇರ್ತೀಯಾ, ಹತ್ತು ದಿನವಾ?"

"ನಾನು ನಿಮ್ಮ ಗಿರಾಕಿ ಅಲ್ಲ ರೀ," ಎಂದು ಹೋದವಳು ಹೋದಳು.

ಊರಿಗೆಲ್ಲ ಹಾಸಿಗೆ ಮಾರಿದವನು ದೊಡ್ಡ ಮಂಚದ ಒಂದು ಅಂಚಿನಲ್ಲಿ ಮಲಗತೊಡಗಿದ. ಅವಳ ಕಡೆಯ ದಿಂಬನ್ನು ಮುಟ್ಟುತ್ತಿರಲಿಲ್ಲ. ಒಂದೇ ತಟ್ಟೆ, ಒಂದೇ ಲೋಟ ತೊಳೆದು ಬೋರಲು ಹಾಕುವಾಗಿನ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಮಾತಿಲ್ಲ. ಭಾನುವಾರ ಸಂಜೆಯಾದರೆ ಅವಳಿಗೆ ಫೋನ್ ಮಾಡುತ್ತಿದ್ದ. ಭಾವ ಎತ್ತಿಕೊಂಡು, "ತಂಗೀ, ನಿನ್ನ ವ್ಯಾಪಾರಸ್ಥರು," ಎಂದು ಕೂಗುತ್ತಿದ್ದ. ಅವಳು ಬಂದರೆ ಇವನು, "ಈ ಶನಿವಾರ ಬರ್ತೀಯಾ, ಮುಂದಿನ ಶನಿವಾರವಾ?" ಅವಳು ಫೋನ್ ಇಡುತ್ತಿದ್ದಳು. ಈ ಮಾರುವ ಕೆಲಸ ಬಿಟ್ಟರೆ ಮಾತ್ರ ಅವಳು ಬಂದಾಳು ಎಂದು ಅವನಿಗೆ ಕೊನೆಗೂ ಅನ್ನಿಸಿತು.

ಕೆಲಸ ಬಿಡುತ್ತೇನೆ ಎಂದಾಗ ಮಾಲೀಕರು, "ಸಂಬಳ ಜಾಸ್ತಿ ಮಾಡ್ಲಾ, ರಜೆ ಕೊಡ್ಲಾ?" ಎಂದರು. ಗುರುವಿಗೆ ಕೈಮುಗಿದು ಹೊರಬಿದ್ದ.

ಬಿಟ್ಟು ಮಾಡುವುದೇನು? ಮಾತು ಬಿಟ್ಟರೆ ಬೇರೆ ಬಂಡವಾಳವಿಲ್ಲ. ಕೆಲಸ ಕೊಡಿಸುವ ಕಚೇರಿಯಾಕೆ ಜಾಹೀರಾತು, ತರಬೇತಿ, ಗಿರಾಕಿ ಸೇವೆ ಎಂದೆಲ್ಲ ಹೇಳಿದಳು. ಎಲ್ಲವೂ ಮಾರಾಟದ ದಾಯಾದಿಗಳೇ! ಕಡೆಗೆ ಯಾರೂ ಒಪ್ಪದ ಒಂದನ್ನು ತೆಗೆದಳು: ಒಂಟಿ ಜನ ಫೋನ್ ಮಾಡಿದರೆ ಕೇಳಿಸಿಕೊಳ್ಳುವ ಕೆಲಸ. "ಸಂಬಳ ಕಡಿಮೆ. ಹೆಚ್ಚು ಮಾತಾಡೋ ಹಾಗಿಲ್ಲ."

ಒಂದು ಮಹಡಿ ಮೇಲಿನ ಕೋಣೆ, ಮೇಜಿನ ಮೇಲೆ ಫೋನುಗಳು. ಅಲ್ಲಿಯ ಮೇಲ್ವಿಚಾರಕಿ ಆಸ್ಪತ್ರೆಯಿಂದ ನಿವೃತ್ತರಾದ ನರ್ಸಮ್ಮ. ಪರೀಕ್ಷೆಗೆಂದು ಪಕ್ಕದಲ್ಲೇ ಕೂತು, ತಾವೂ ಇನ್ನೊಂದು ಫೋನ್ ಕಿವಿಗಿಟ್ಟುಕೊಂಡು ಕೇಳಿದರು. ಮೊದಲ ಕರೆ ಒಬ್ಬ ಮುದುಕರದು.

"ಹೆಂಡ್ತಿ ಹೋದ್ಮೇಲೆ ಒಬ್ಬನಿಗೋಸ್ಕರ ಒಲೆ ಹಚ್ಚೋಕೆ ಮನಸ್ಸೇ ಬರಲ್ಲಪ್ಪ."

"ಈಗ್ಲೇ ಏನಾದ್ರೂ ಬಿಸಿ ಮಾಡ್ಕೋತೀರಾ ಯಜಮಾನ್ರೇ, ಅರ್ಧ ಗಂಟೆ ಬಿಟ್ಟಾ?"

"ಏನಯ್ಯಾ, ಒಳ್ಳೆ ಅಂಗಡಿಯವನ ಹಾಗೆ ಕೇಳ್ತೀಯಲ್ಲ!" ಮುದುಕರು ಫೋನ್ ಇಟ್ಟೇಬಿಟ್ಟರು.

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಇವನದು ಹುಟ್ಟುಗುಣವೂ ಅಲ್ಲ, ಕಲಿತದ್ದು. ಅದಂತೂ ಇನ್ನೂ ಗಟ್ಟಿ. ನರ್ಸಮ್ಮ ಬೈಯಲಿಲ್ಲ. "ಎರಡು ಬಾಗಿಲು ತೋರಿಸಿದ್ರಿ, ಎರಡೂ ನಿಮ್ಮ ಮನೆ ಒಳಗೇ ಹೋಗ್ತವೆ. ಅವರು ಹೊರಗೆ ಹೋಗೋಕೆ ಬಾಗಿಲೆಲ್ಲಿ?" ಎಂದರು.

ಮುಂದಿನ ಕರೆಗೆ ತುಟಿ ಬಿಗಿದು ಕೂತ. ಸುಮ್ಮನಿರುವುದೂ ಅವನಿಗೆ ಗೊತ್ತಿತ್ತು. ಬೆಲೆ ಹೇಳಿದ ಮೇಲೆ ಮೊದಲು ಬಾಯಿ ಬಿಟ್ಟವನು ಸೋತ, ಅದೂ ಮಾಲೀಕರ ಪಾಠವೇ. ನರ್ಸಮ್ಮ ಅದನ್ನೂ ಹಿಡಿದರು. "ಬಾಯಿ ಮುಚ್ಚಿದೆ, ಆದ್ರೆ ಅವರು ಹೂಂ ಅನ್ಲಿ ಅಂತ ಕಾಯ್ತಾ ಇದ್ದೀರಿ. ಬೇಡ ಅಂದ್ರೆ ಬೇಡ ಅಂತ ಕೇಳಿಸ್ಕೊಳ್ಳೋದು ಕಲೀರಿ. ಭಾನುವಾರ ಕೆಲಸಕ್ಕೆ ಜನ ಸಿಗಲ್ಲ ನನಗೆ. ಬನ್ನಿ, ನೋಡೋಣ."

ಆ ಸಂಜೆಯೇ ಹೆಂಡತಿಗೆ ಫೋನ್ ಮಾಡಿದ. ಈ ಶನಿವಾರವಿಲ್ಲ, ಮುಂದಿನ ಶನಿವಾರವಿಲ್ಲ. "ಬರ್ತೀಯಾ?" ಎಂದಷ್ಟೇ ಕೇಳಿದ.

ಅವಳಿಗೂ ಹೊಸದು ಅದು. "ಇಲ್ಲ," ಎಂದಳು.

ಅಂಗಡಿಯಲ್ಲಾದರೆ 'ಇಲ್ಲ' ಎಂದ ಮೇಲೆಯೇ ವ್ಯಾಪಾರ ಶುರು. ಬಾಯಿಗೆ ಬಂದದ್ದನ್ನೆಲ್ಲ ನುಂಗಿಕೊಂಡು, "ಸರಿ," ಎಂದ.

"ಇದ್ಯಾವುದು ಹೊಸ ಉಪಾಯ?"

"ಉಪಾಯ ಅಲ್ಲ ಕಣೇ."

"ಅದು ನನಗೆ ಹೇಗೆ ಗೊತ್ತಾಗ್ಬೇಕು?"

ಅಯ್ಯೋ, ಏನು ಹೇಳುತ್ತಾನೆ? ಆಣೆ ಹಾಕಿದರೆ ಅದೂ ಮಾರಾಟ. ನಿನಗೋಸ್ಕರ ಕೆಲಸ ಬಿಟ್ಟೆ ಎಂದರೆ ಅದಂತೂ ಶುದ್ಧ ಮಾರಾಟ. ನಿಜವೆಂದು ತೋರಿಸಲು ಉಳಿದದ್ದು ಒಂದೇ ದಾರಿ, ಮತ್ತೆ ಕೇಳದಿರುವುದು. "ಇನ್ನು ಫೋನ್ ಮಾಡಿ ಕಾಡಲ್ಲ," ಎಂದು ಮೊದಲ ಸಲ ತಾನೇ ಫೋನ್ ಇಟ್ಟ. ಆಮೇಲೆ ಅವಳ ಕಡೆಯ ದಿಂಬನ್ನು ಅಪ್ಪಿಕೊಂಡು ಅತ್ತ.

ಭಾನುವಾರ ಸಂಜೆ, ಅವಳಿಗೆ ಫೋನ್ ಮಾಡುವ ಹೊತ್ತಿಗೆ ಸರಿಯಾಗಿ, ಮಹಡಿ ಕೋಣೆಯ ಮೇಜಿನ ಮೇಲಿನ ಫೋನ್ ರಿಂಗಾಯಿತು.

"ಯಾರು, ಅಂಗಡಿಯವನಾ?" ಅದೇ ಮುದುಕರು.

"ಹೂಂ, ನಾನೇ."

"ಇವತ್ತೂ ಒಲೆ ಹಚ್ಚಿಲ್ಲ ಕಣಯ್ಯಾ."

"ನಾನೂ ಹಚ್ಚಿಲ್ಲ," ಎಂದುಬಿಟ್ಟ. ನರ್ಸಮ್ಮ ತಲೆಯೆತ್ತಿ ನೋಡಿ, ಮತ್ತೆ ತಮ್ಮ ಕೆಲಸಕ್ಕೆ ತಿರುಗಿದರು.

"ಯಾಕೆ, ನಿನಗೂ ಯಾರೂ ಇಲ್ವಾ?"

"ಇದ್ದಾಳೆ. ಬರಲ್ಲ ಅಂದ್ಲು."

"ನೀನೇನಂದೆ?"

"ಸರಿ ಅಂದೆ."

ಮುದುಕರು ತುಸು ಹೊತ್ತು ಮಾತಾಡಲಿಲ್ಲ. ಇವನೂ ಮಾತಾಡಲಿಲ್ಲ, ಯಾವುದಕ್ಕೂ ಕಾಯಲೂ ಇಲ್ಲ.

"ಇಡ್ಬೇಡ ಇರು," ಎಂದರು ಮುದುಕರು. "ಒಂದಿಷ್ಟು ನೀರಾದ್ರೂ ಕಾಯೋಕಿಡ್ತೀನಿ."

ಕಡ್ಡಿ ಗೀರಿದ್ದು ಕೇಳಿಸಿತು. ಮೊದಲನೆಯದು ಹತ್ತಲಿಲ್ಲ, ಎರಡನೆಯದು ಹತ್ತಿತು. ಪಾತ್ರೆಗೆ ನೀರು ಬಿದ್ದ ಸದ್ದು. ಅವನು ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡೇ ಕೂತ. ಅವಳಿಗೆ ಫೋನ್ ಮಾಡುವ ಹೊತ್ತು ದಾಟಿಹೋಯಿತು.