ಕಂಡಕ್ಟರು ಕಂಬಿ ಹಿಡಿಯುವುದಿಲ್ಲ

ನಮ್ಮ ಯಜಮಾನರು ಜೀವಮಾನವಿಡೀ ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಅದಕ್ಕೆ ನನ್ನ ತಕರಾರಿಲ್ಲ. ನಿವೃತ್ತಿಯಾಗಿ ಇಷ್ಟು ವರ್ಷವಾದರೂ ಬಸ್ಸಿನಿಂದ ಇಳಿದಿಲ್ಲವಲ್ಲ, ಅದಕ್ಕೆ ತಕರಾರು. ಊಟಕ್ಕೆ ಕರೆದರೆ "ಬಂದೆ" ಅನ್ನುವುದಿಲ್ಲ, "ರೈಟ್" ಅನ್ನುತ್ತಾರೆ.

ಮೊನ್ನೆ ಈ ಮಹಾನುಭಾವರು ಒಂದು ಕೈಲಿ ಸೋಪು, ಇನ್ನೊಂದು ಕೈಲಿ ಚೊಂಬು ಹಿಡಿದು ಬಚ್ಚಲಲ್ಲಿ ಜಾರಿ ಬಿದ್ದು ಹಣೆ ಒಡೆದುಕೊಂಡರು. ಹೊಲಿಗೆ ಬಿತ್ತು. ಊರಿನ ಇನ್ನೊಂದು ತುದಿಯಲ್ಲಿರುವ ಮಗಳು ಎದ್ದೆನೋ ಬಿದ್ದೆನೋ ಎಂದು ಓಡಿ ಬಂದಳು. ಮಾರನೇ ದಿನವೇ ಫಿಟ್ಟರನ್ನು ಕರೆಸಿ ಬಚ್ಚಲ ಬಾಗಿಲ ಪಕ್ಕ ಎದೆಮಟ್ಟಕ್ಕೆ ಸ್ಟೀಲ್ ಕಂಬಿ ಹಾಕಿಸಿದಳು, ಎಡವುವ ಹೊಸ್ತಿಲು ತೆಗೆಸಿದಳು, ನಾನೇ ಹೊಲಿದಿದ್ದ ಕಾಲೊರಸನ್ನು ಎತ್ತಿ ಬಿಸಾಕಿದಳು. ಹೊರಡುವಾಗ ಬೆರಳೆತ್ತಿ ಹೇಳಿದಳು:

"ಅಪ್ಪ ಕಂಬಿ ಹಿಡ್ಕೊಂಡೇ ಓಡಾಡ್ಬೇಕು. ಮುಂದಿನ ತಿಂಗಳು ಬಂದು ನೋಡ್ತೀನಿ. ಮತ್ತೆ ಹಳೇ ಕತೆನೇ ಆದ್ರೆ ಇಬ್ರೂ ಗಂಟುಮೂಟೆ ಕಟ್ಕೊಂಡು ನನ್ನ ಮನೆಗೆ ಬರೋದು, ಅಷ್ಟೇ."

ಮಗಳು ಬಂಗಾರದಂಥವಳು, ಅಳಿಯನೂ ಅಷ್ಟೇ. ಆದರೆ ಅವಳ ಮನೆ ಇರುವುದು ಏಳನೇ ಮಹಡಿಯಲ್ಲಿ. ಅಲ್ಲಿ ಒಲೆ ಹಚ್ಚಬೇಕೆಂದರೂ ಅವಳನ್ನು ಕೇಳಬೇಕು, ಬಾಗಿಲು ತೆರೆದರೆ ಎದುರಿಗೆ ಇನ್ನೊಂದು ಮುಚ್ಚಿದ ಬಾಗಿಲು. ಇಲ್ಲಾದರೆ ಬಾಗಿಲಲ್ಲಿ ಕೂತರೆ ಇಡೀ ಬೀದಿಯ ಜಗಳ ಪುಕ್ಕಟೆಯಾಗಿ ಕಿವಿಗೆ ಬೀಳುತ್ತದೆ. ಈ ಮನೆ ಬಿಡಲು ನನಗೆ ಸುತರಾಂ ಇಷ್ಟವಿರಲಿಲ್ಲ.

ಇವರೋ, ಹೊಸ ಕಂಬಿಗೆ ಒದ್ದೆ ಟವೆಲ್ ನೇತುಹಾಕಿದರು.

"ರೀ, ಅದು ಹಿಡ್ಕೊಳ್ಳೋಕೆ."

"ಕಂಬಿ ಇರೋದು ಪ್ಯಾಸೆಂಜರಿಗೆ ಕಣೇ. ಕಂಡಕ್ಟರ್ ಕಂಬಿ ಹಿಡ್ಕೊಂಡು ನಿಂತ್ರೆ ಟಿಕೆಟ್ ಯಾರು ಹರೀತಾರೆ, ನಿಮ್ಮಪ್ಪನಾ?"

"ನಮ್ಮಪ್ಪನ ಸುದ್ದಿಗೆ ಬರ್ಬೇಡಿ. ಬಚ್ಚಲಲ್ಲಿ ಯಾರಿಗ್ರೀ ಟಿಕೆಟ್ ಹರೀತೀರಾ?"

ಬೈದೆ, ಗೋಗರೆದೆ, ಒಂದು ಹೊತ್ತು ಮಾತೂ ಬಿಟ್ಟೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಒದ್ದೆ ನೆಲದ ಮೇಲೆ ಕಾಲಿಡುವಾಗ ನನ್ನ ಕೈ ಮಾತ್ರ ತಾನಾಗಿ ಆ ಕಂಬಿಗೆ ಹೋಗುತ್ತಿತ್ತು. ಅದನ್ನು ನಾನು ಗಮನಿಸಲೇ ಇಲ್ಲ.

ಒಂದು ಬೆಳಿಗ್ಗೆ ಇವರು ನಿಂತುಕೊಂಡೇ ಪೇಪರ್ ಓದುತ್ತಿದ್ದರು. ಪಕ್ಕದಲ್ಲೇ ಕುರ್ಚಿ ಇದೆ, ಕೂತಿಲ್ಲ. ಅದರ ಬೆನ್ನಿಗೆ ಸೊಂಟ ಆನಿಸಿ ನಿಂತಿದ್ದಾರೆ. ಅಂಗಿಯ ಗುಂಡಿ ಹಾಕುವಾಗ ಸೊಂಟ ಮೇಜಿಗೆ. ನನ್ನ ಜೊತೆ ಜಗಳವಾಡುವಾಗ ಅಡುಗೆಮನೆ ಕಟ್ಟೆಗೆ. ಅಯ್ಯೋ ನನ್ನ ಮಂಕುಬುದ್ಧಿಯೇ! ಬಸ್ಸು ತಿರುವಿನಲ್ಲಿ ವಾಲಿದಾಗ ಕಂಡಕ್ಟರು ಸೀಟಿನ ಅಂಚಿಗೆ ಸೊಂಟ ಕೊಟ್ಟು ನಿಲ್ಲುತ್ತಾರೆ. ಒಂದು ಕೈ ಟಿಕೆಟ್ಟಿಗೆ, ಇನ್ನೊಂದು ಚಿಲ್ಲರೆಗೆ. ಈ ಮನುಷ್ಯ ಹಿಡಿಯುವ ಜಾತಿಯಲ್ಲ, ಒರಗುವ ಜಾತಿ.

ತಕ್ಷಣ ಫಿಟ್ಟರನ್ನು ಕರೆಸಿದೆ.

"ಬಾಗಿಲ ಹತ್ರ ಇರೋ ಈ ಕಂಬಿ ಕಿತ್ತು ನಲ್ಲಿ ಪಕ್ಕ ಹಾಕಪ್ಪ. ಅವರ ಸೊಂಟದ ಮಟ್ಟಕ್ಕೆ. ಮೇಲೆ ರಬ್ಬರ್ ಸುತ್ತು."

"ಅಮ್ಮಾ, ಅಷ್ಟು ಕೆಳಗೆ ಯಾರೂ ಹಾಕಿಸಲ್ಲ."

"ನಿಮ್ಮನೇಲಿ ಕಂಡಕ್ಟರ್ ಇದಾರಾ?"

"ಇಲ್ಲ."

"ಪುಣ್ಯವಂತ. ಸುಮ್ನೆ ಹಾಕು."

ಮಾರನೇ ಬೆಳಿಗ್ಗೆ ಯಜಮಾನರು ಯಾರ ಉಪದೇಶವೂ ಇಲ್ಲದೆ ಅದಕ್ಕೆ ಸೊಂಟ ಕೊಟ್ಟು ಆರಾಮವಾಗಿ ಮುಖ ತೊಳೆದರು. ನಾನು ಗೆದ್ದೆನೆಂದು ಬೀಗಿದೆ.

ಹೇಳಿದ ಹಾಗೆ ಮಗಳು ಬಂದಳು. ಅವಳು ಬರುವ ಹೊತ್ತಿಗೆ ಇವರು ಒಳಗೆ ಒರಗಿ ನಿಂತು ಗಡ್ಡ ಹೆರೆದುಕೊಳ್ಳುತ್ತಿದ್ದರು.

"ಇದೇನಮ್ಮ ಅವತಾರ? ಬಾಗಿಲ ಹತ್ರ ಇದ್ದ ಕಂಬಿ ಎಲ್ಲಿ?"

"ನಿಮ್ಮಪ್ಪನ ಮರ್ಮ ನಿಂಗೆ ಗೊತ್ತಾ, ನಂಗೆ ಗೊತ್ತಾ? ಬಾ, ತೋರಿಸ್ತೀನಿ," ಎಂದು ಜಂಬದಿಂದ ಒಳಗೆ ಕಾಲಿಟ್ಟೆ.

ಕಾಲು ಸರ್ರನೆ ಜಾರಿತು. ಕೈ ಅಭ್ಯಾಸಬಲದಿಂದ ಬಾಗಿಲ ಪಕ್ಕದ ಕಂಬಿಗೆ ಹೋಯಿತು. ಅಲ್ಲಿ ಕಂಬಿ ಎಲ್ಲಿದೆ? ಬರೀ ಗೋಡೆ, ಗೋಡೆಯಲ್ಲಿ ತೂತು.

ಆದರೆ ಬೀಳಲಿಲ್ಲ. ಇವರು ರೇಜರ್ ಬಿಸಾಕಿ, ಸೊಂಟವನ್ನು ತಮ್ಮ ಕಂಬಿಗೆ ಊರಿ, ಎರಡೂ ಕೈಯಲ್ಲಿ ನನ್ನ ರಟ್ಟೆ ಹಿಡಿದುಬಿಟ್ಟಿದ್ದರು.

ಮನೆಯನ್ನೆಲ್ಲ ಅವರ ಅಳತೆಗೆ ಹೊಂದಿಸುವ ಭರದಲ್ಲಿ ನನಗೂ ವಯಸ್ಸಾಗಿದೆ ಎನ್ನುವುದೇ ಮರೆತುಹೋಗಿತ್ತು. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು.

"ಸಾಕು. ಇಬ್ರೂ ಗಂಟು ಕಟ್ಟಿ," ಎಂದಳು ಮಗಳು.

"ತಡಿಯಮ್ಮ," ಎಂದರು ಇವರು, ನನ್ನ ರಟ್ಟೆ ಬಿಡದೆ. ಅರ್ಧ ಮುಖದಲ್ಲಿ ಇನ್ನೂ ನೊರೆ. "ಬಾಗಿಲ ಹತ್ರ ಮತ್ತೆ ಕಂಬಿ ಹಾಕ್ಸು, ನಿಮ್ಮಮ್ಮಂಗೆ. ನಂದು ನಂಗಿರ್ಲಿ."

"ಹಾಕಿಸ್ತೀನಿ. ಆದ್ರೆ ನೀನೂ ಹಿಡೀಬೇಕಪ್ಪ."

"ಡ್ಯೂಟಿ ಮೇಲಿರೋನು ಹಿಡಿಯೋ ಹಾಗಿಲ್ಲ."

"ರಿಟೈರಾಗಿ ಎಷ್ಟು ವರ್ಷ ಆಯ್ತ್ರೀ!" ನಾನೇ ರೇಗಿದೆ.

"ಕೊನೇ ಪ್ಯಾಸೆಂಜರ್ ಇಳಿಯೋವರ್ಗೂ ಡ್ಯೂಟಿನೇ ಕಣೇ."

ನಾನು ಸೆರಗಿನಿಂದ ಅವರ ಮುಖದ ನೊರೆ ತೆಗೆದೆ. ಮಗಳು ಆ ಕಡೆ ತಿರುಗಿ ಕಣ್ಣೊರೆಸಿಕೊಂಡು ಫಿಟ್ಟರಿಗೆ ಫೋನ್ ಮಾಡಿದಳು. ಗಂಟುಮೂಟೆಯ ಮಾತು ಅಲ್ಲಿಗೇ ನಿಂತಿತು.

ಈಗ ನಾನು ಬಚ್ಚಲಿನ ಕಡೆ ಹೊರಟರೆ ಸಾಕು, ಬೀದಿಗೆಲ್ಲ ಕೇಳುವಂತೆ ಕೂಗುತ್ತಾರೆ: "ಹಿಡ್ಕೊಳ್ಳಿ ಅಮ್ಮಾ, ಹಿಡ್ಕೊಳ್ಳಿ! ರೈಟ್!" ಪಕ್ಕದ ಮನೆಯವರು ನಗುತ್ತಾರೆ. ನಗಲಿ ಬಿಡಿ. ನಾನು ಗಟ್ಟಿಯಾಗಿ ಹಿಡಿದುಕೊಂಡೇ ಕಾಲಿಡುತ್ತೇನೆ. ಇಷ್ಟು ಬೇಗ ಇಳಿಯುವ ಯೋಚನೆ ನನಗಿಲ್ಲ.