ಎತ್ತಿಗೆ ಹೇಳಿದ ಮಾತು

ಅರವತ್ತನೇ ಇಸವಿಯ ಸುಗ್ಗಿಯಲ್ಲಿ ನಮ್ಮ ಹಳೇಕೋಟೆಯ ಆಲೆಮನೆಗೆ ಬಂದವರೆಲ್ಲ ನಗುತ್ತಿದ್ದರು. ನನಗೆ ಮಾತ್ರ ನಗು ಬರುತ್ತಿರಲಿಲ್ಲ. ನಮ್ಮ ಯಜಮಾನರು ತಿಮ್ಮಪ್ಪನವರು ಗಾಣದ ಮುಂದೆ ಕೂತು ಕಬ್ಬು ಕೊಡುವುದು, ಅವರ ತಮ್ಮ ಪಾಲಾಕ್ಷ ಗಾಣ ತಿರುಗಿಸುವ ಎತ್ತು ಹೊಡೆಯುವುದು, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಎತ್ತಿನ ಜೊತೆ ಮಾತಾಡುವುದು. ನೋಡುವವರಿಗೆ ಪುಕ್ಕಟೆ ನಾಟಕ. ನನ್ನ ಕಣ್ಣು ಯಜಮಾನರ ಬಲಗೈ ಮೇಲೇ ಇರುತ್ತಿತ್ತು.

ಅಣ್ಣ ತಮ್ಮ ಮಾತು ಬಿಟ್ಟದ್ದು ಪಿತೃಪಕ್ಷದಲ್ಲಿ. ಮಾವನವರಿಗೆ ಎಡೆ ಇಡುವ ದಿನ, ಎಡೆಗೆ ಹೊಸ ಪಂಚೆ ತರುತ್ತೇನೆ ಅಂತ ಪಾಲಾಕ್ಷ ಹಾಸನಕ್ಕೆ ಹೋದ. ಬರುವಾಗ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಇತ್ತ ನಂಟರೆಲ್ಲ ಹಸಿದು ಕೂತಿದ್ದರು. ಯಜಮಾನರು ಕಾದು ಕಾದು ಎಡೆ ಮುಗಿಸಿಬಿಟ್ಟರು. ಉಂಡ ಎಲೆ ಎತ್ತುವ ಹೊತ್ತಿಗೆ ಪಾಲಾಕ್ಷ ಪಂಚೆ ಹಿಡಿದುಕೊಂಡು, ಬೆವರು ಸುರಿಸುತ್ತ ಬಾಗಿಲಲ್ಲಿ ನಿಂತ.

"ನಿನ್ನ ಬಸ್ಸು ಬರೋಗಂಟ ಅಪ್ಪ ಅಸ್ಕೊಂಡಿರ್ಬೇಕಿತ್ತೇನ್ಲಾ?" ಅಂದರು ಯಜಮಾನರು, ಎಲ್ಲರ ಎದುರಿಗೆ. ಯಾರೋ ಕಿಸಕ್ಕನೆ ನಕ್ಕರು.

ಪಾಲಾಕ್ಷ ಪಂಚೆಯನ್ನು ಅಲ್ಲೇ ಜಗುಲಿ ಮೇಲಿಟ್ಟು ಹೊರಟುಹೋದ. ಅಪ್ಪ ಸತ್ತಾಗ ಅವನಿನ್ನೂ ಚಿಕ್ಕವನು, ಅಪ್ಪನಿಗೆ ಅಂತ ಕೈಯಾರೆ ಏನೂ ಕೊಟ್ಟವನಲ್ಲ. ಅವನಿಗೆ ಆದದ್ದು ನೋವು. ಆದರೆ ನಮ್ಮ ಮನೆ ಗಂಡಸರಿಗೆ ಕೋಪ ಬಂದರೆ ಏನು ಮಾಡಬೇಕು ಅಂತ ಗೊತ್ತು, ನೋವಾದರೆ ಏನು ಮಾಡಬೇಕು ಅಂತ ಯಾರೂ ಹೇಳಿಕೊಟ್ಟಿಲ್ಲ. ಅದಕ್ಕೇ ನೋವಾದರೂ ಕೋಪವನ್ನೇ ಮಾಡಿಕೊಳ್ಳುತ್ತಾರೆ. ಅವನು ಮಾತು ಬಿಟ್ಟ. ಅವನಿಗೆ ಬೇಡವಾದ ಮೇಲೆ ನನಗೇನು ಅಂತ ಇವರೂ ಬಿಟ್ಟರು. ಒಂದೇ ಒಲೆಯ ಮುದ್ದೆ ತಿನ್ನುತ್ತ, "ಅತ್ಗಮ್ಮ, ನಾಳೀಕೆ ಗದ್ದೆಗೆ ನೀರ್ ಕಟ್ಬೇಕು ಅಂತ ಅವ್ರಿಗೆ ಯೋಳಿ" ಅಂತ ಅವನು, "ಕೇಳುಸ್ತು ಅನ್ನು" ಅಂತ ಇವರು. ನಡುವೆ ನಾನು ಪೋಸ್ಟ್‌ಮ್ಯಾನ್.

ಮನೆಯಲ್ಲಿ ಹೇಗೋ ನಡೆಯಿತು. ಗಾಣದಲ್ಲಿ ಹಾಗಲ್ಲ. ಕಬ್ಬು ಕೊಡುವವನ ಕೈ ಕಬ್ಬಿಣದ ಉರುಳೆಗಳಿಂದ ಗೇಣು ದೂರದಲ್ಲಿರುತ್ತದೆ. ಎತ್ತಿನ ಹಿಂದೆ ಸುತ್ತುವವನಿಗೆ ಆ ಕೈ ಕಾಣುವುದಿಲ್ಲ. ಅದಕ್ಕೇ ನಮ್ಮ ಆಲೆಮನೆಯಲ್ಲಿ ಒಂದು ಕಟ್ಟುಪಾಡು, ಗಾಣ ನಿಲ್ಲಿಸಬೇಕಾದರೆ ಎತ್ತು ಹೊಡೆಯುವವನ ಹೆಸರು ಹಿಡಿದೇ ಕೂಗಬೇಕು. "ಹೋ" ಅಂತ ಪಕ್ಕದ ಹೊಲದವನೂ ಕೂಗುತ್ತಾನೆ. ಹೆಸರು ಕಿವಿಗೆ ಬಿದ್ದರೆ ಮಾತ್ರ ಇದ್ದಲ್ಲೇ ಹಗ್ಗ ಜಗ್ಗಿ ನಿಲ್ಲಿಸಬೇಕು.

ನಮ್ಮ ಯಜಮಾನರು ತಮ್ಮನ ಹೆಸರು ಎತ್ತುವರೇ? "ನಿಲ್ಲೋ ಕೆಂದ" ಅಂತ ಎತ್ತಿಗೆ ಹೇಳುವರು. ಪಾಲಾಕ್ಷ ಕೇಳದವನಂತೆ ಇನ್ನೂ ಒಂದು ಸುತ್ತು ಹೊಡೆದು, ತನಗೇ ತೋಚಿತು ಅನ್ನುವ ಹಾಗೆ ನಿಲ್ಲಿಸುವನು. "ಕೆಂದ, ಅವ್ರು ಯೋಳ್ದಂಗೆಲ್ಲ ನೀ ಕುಣೀಬ್ಯಾಡ ಕಣ್ಲಾ" ಅಂತ ಎತ್ತಿನ ಬೆನ್ನು ತಟ್ಟುವನು. ಬೆಲ್ಲ ಕಾಯಿಸುವ ಗಂಗಯ್ಯನೂ ನಗುವನು. ಆ ಇನ್ನೊಂದು ಸುತ್ತು ಮುಗಿಯುವವರೆಗೂ ನಾನು ಯಜಮಾನರ ಬೆರಳು ಎಣಿಸುತ್ತಿದ್ದೆ. ಬರಬರುತ್ತ ಎತ್ತು ಕೂಡ ಯಜಮಾನರ ಮಾತಿಗೆ ಕಿವಿ ಅಲ್ಲಾಡಿಸುವುದನ್ನು ಬಿಟ್ಟಿತು.

"ಗಾಣಕ್ಕೆ ಬ್ಯಾರೆಯೋರ್ನ ಕೂರ್ಸಿ. ಇಲ್ಲಾ ಅವನ ಎಸ್ರು ಇಡ್ದು ಕೂಗಿ. ನಿಮ್ಮ ದಮ್ಮಯ್ಯ," ಅಂದೆ ಒಂದು ಬೆಳಿಗ್ಗೆ.

"ದೊಡ್ಡೋನು ನಾನು. ಮೊದ್ಲು ಅವನು ಮಾತಾಡ್ಲಿ."

"ದೊಡ್ಡೋರಾಗಿದ್ರೆ ನೀವೇ ಮೊದ್ಲು ಮಾತಾಡ್ತಿದ್ರಿ."

ಅವರು ಟವಲನ್ನು ಕತ್ತಿಗೆ ಸುತ್ತಿಕೊಂಡು ಎದ್ದು ಹೋದರು. ಅವತ್ತು ಕೆಟ್ಟ ಚಳಿ. ಮಂಜಿನಲ್ಲಿ ಆಲೆಮನೆಯ ಹೊಗೆ ಮೇಲೇಳದೆ ನೆಲದ ಮೇಲೇ ಮಲಗಿತ್ತು. ಬುತ್ತಿ ಹೊತ್ತು ನಾನು ಹೋದಾಗ ಗಾಣ ಕಿರುಗುಟ್ಟುವುದು ಕೇಳುತ್ತಿತ್ತು, ಜನ ಕಾಣುತ್ತಿರಲಿಲ್ಲ.

"ನಿಲ್ಲೋ ಕೆಂದ," ಅಂದರು ಯಜಮಾನರು.

ಗಾಣದ ಸದ್ದು ನಿಲ್ಲಲಿಲ್ಲ. ಯಾರೋ ನಕ್ಕರು.

"ನಿಲ್ಲೋ! ನಿಲ್ಲೋ ಕೆಂದಾ!"

"ಕೆಂದ, ಇವತ್ತು ಅವ್ರ ಗಂಟ್ಲು ಜೋರಾಗೈತೆ ಕಣ್ಲಾ," ಅಂದ ಪಾಲಾಕ್ಷ, ಮಂಜಿನ ಆಚೆಯಿಂದ.

ಹತ್ತಿರ ಹೋದ ಮೇಲೆ ನನಗೆ ಕಂಡಿತು. ಟವಲಿನ ತುದಿ ಕಬ್ಬಿನ ಜೊತೆ ಉರುಳೆಗೆ ಸಿಕ್ಕಿತ್ತು. ಯಜಮಾನರ ಕತ್ತು ಬಗ್ಗುತ್ತ ಬಗ್ಗುತ್ತ ಗಾಣದ ಕಡೆ ಹೋಗುತ್ತಿತ್ತು. ಬಿಡಿಸಿಕೊಳ್ಳಲು ಬಲಗೈಯನ್ನು ಉರುಳೆಯ ಬಾಯಿಗೇ ಹಾಕಿದ್ದರು. ಬುತ್ತಿ ಬಿಸಾಕಿ ಕೂಗಲು ಬಾಯಿ ತೆರೆದೆ.

"ಪಾಲಾಕ್ಷಾ!"

ಕೂಗಿದ್ದು ನಾನಲ್ಲ, ಅವರು.

ಗಾಣ ಇದ್ದಲ್ಲೇ ನಿಂತಿತು. ಪಾಲಾಕ್ಷ ಹಗ್ಗ ಜಗ್ಗಿದ ರಭಸಕ್ಕೆ ಕೆಂದ ಮಂಡಿ ಊರಿಬಿಟ್ಟಿತ್ತು. ಅಷ್ಟು ಹೊತ್ತಿಗೆ ಗಾಣದ ಕೆಳಗಿನ ಬಾನಿಗೆ ಇಳಿಯುತ್ತಿದ್ದ ಕಬ್ಬಿನ ಹಾಲು ಕೆಂಪಾಗಿತ್ತು. ಕತ್ತು ಉಳಿಯಿತು. ಎರಡು ಬೆರಳು ಹೋದವು.

ಗಂಗಯ್ಯ ಗಾಡಿ ಕಟ್ಟಿ ಹೊಳೆನರಸೀಪುರದ ಆಸ್ಪತ್ರೆಗೆ ಹೊಡೆದ. ದಾರಿಯುದ್ದಕ್ಕೂ ಪಾಲಾಕ್ಷ ಅಣ್ಣನ ಕೈಯನ್ನು ಅದೇ ಟವಲಿನಲ್ಲಿ ಒತ್ತಿ ಹಿಡಿದಿದ್ದ. ಅವನನ್ನು ಗಾಡಿಯಿಂದ ಕೆಳಕ್ಕೆ ನೂಕುವಷ್ಟು ಸಿಟ್ಟು ನನಗೆ. ಆದರೆ ಗಾಡಿ ಕುಲುಕಿದಾಗಲೆಲ್ಲ ಅವನು ಅಣ್ಣನ ಕೈಯನ್ನು ತನ್ನ ಎದೆಗೆ ಅವಚಿಕೊಳ್ಳುತ್ತಿದ್ದ. ಬಾಯಿಗೆ ಬಂದದ್ದನ್ನೆಲ್ಲ ಹಲ್ಲು ಕಚ್ಚಿ ನುಂಗಿಕೊಂಡೆ.

ಇದು ಹೇಗಾಯಿತು ಅಂತ ಡಾಕ್ಟರು ಕೇಳಿದರು. "ಸಾ, ನಾನು..." ಅಂದ ಪಾಲಾಕ್ಷ.

"ಅವಂದೇನಿಲ್ಲ ಸಾ," ಅಂದರು ಯಜಮಾನರು. "ತಮ್ಮ ಪಕ್ಕದಾಗೇ ಇದ್ದ. ನಾನು ಎತ್ತನ್ನ ಕೂಗ್ತಾ ಕೂತಿದ್ದೆ."

ಡಾಕ್ಟರಿಗೆ ಅರ್ಥವಾಗಲಿಲ್ಲ. ಪಾಲಾಕ್ಷ ಗೋಡೆ ಕಡೆ ತಿರುಗಿ ಅತ್ತುಬಿಟ್ಟ.

ಸಂಜೆ ಯಜಮಾನರು ಕಣ್ಣು ಬಿಟ್ಟಾಗ ಅವನು ನೀರಿನ ಲೋಟ ಹಿಡಿದು ಮಂಚದ ಹತ್ತಿರ ನಿಂತಿದ್ದ. ನನ್ನ ಕಡೆ ನೋಡಿ ಮೆಲ್ಲಗೆ, "ಅತ್ಗಮ್ಮ, ನೀರು ಬೇಕಾ ಅಂತ ಅವ್ರುನ್ನ ಕೇಳಿ," ಅಂದ.

ನನ್ನ ಮೈ ಉರಿದುಹೋಯಿತು. "ಅವ್ರ ಬೆರಳು ಓಗಿರೋದು ಕಣಪ್ಪ, ಕಿವಿಯಲ್ಲ. ನೀನೇ ಕೇಳು."

ಅವನು ಲೋಟ ಕೆಳಗಿಟ್ಟ, ಮತ್ತೆ ಎತ್ತಿಕೊಂಡ. ಲೋಟದ ನೀರು ತುಳುಕಿ ನೆಲಕ್ಕೆ ಬಿತ್ತು. ಇವನು ಕೇಳುವುದಿಲ್ಲ, ಹೀಗೇ ಮನೆಗೆ ಹೋಗುತ್ತೇವೆ, ಬರುವ ಸುಗ್ಗಿಗೆ ಗಾಣ ಇನ್ನೇನು ಕೇಳುತ್ತದೋ ಅಂತ ನನಗೆ ಬೆಳಿಗ್ಗೆಗಿಂತ ಜಾಸ್ತಿ ಹೆದರಿಕೆಯಾಯಿತು.

"ಅಣ್ಣಾ," ಅಂದ ಕೊನೆಗೆ. "ನೀರು ಬೇಕಾ?"

"ಕೊಡ್ಲಾ," ಅಂತ ಯಜಮಾನರು ಬಲಗೈ ಚಾಚಿದರು. ಬಟ್ಟೆ ಸುತ್ತಿದ ಆ ಕೈಯಲ್ಲಿ ಇನ್ನು ಲೋಟ ನಿಲ್ಲುವುದಿಲ್ಲ ಅಂತ ಇಬ್ಬರಿಗೂ ಆವಾಗ ಗೊತ್ತಾಯಿತು.